ಜೀರ್ಣಗಣಕೋದ್ಧಾರ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮೊದಲು ಅದಕ್ಕೆ ಅಧಿಕಾರಿ ಯಾರೆಂದು ಗೊತ್ತುಮಾಡಬೇಕು. ವೇದಾಂತಕ್ಕೆ ಶಮದಮಾದಿಗಳು ಕೈವಶವಾದವನು ಅಧಿಕಾರಿ. ಹಳೇ ಕಂಪ್ಯೂಟರಿನ ಡಿಸ್‌ಪ್ಲೇ ಡ್ರೈವರ್ ಸರಿಪಡಿಸುವ ಪ್ರಕೃತ ಶಾಸ್ತ್ರಕ್ಕೆ ಅಷ್ಟೆಲ್ಲ ಬೇಕಿಲ್ಲ. ಎಂದೋ ಒಂದು ಮದುವೆ ಊಟದ ಪಂಕ್ತಿಯಲ್ಲಿ 'ನಂಗೂ ಸ್ವಲ್ಪ ಕಂಪ್ಯೂಟರ್ ಬರುತ್ತೆ' ಎಂದು ಬಾಯಿಬಿಟ್ಟವನು ಆಜೀವ ಅಧಿಕಾರಿ. ರಾಜೀನಾಮೆಗೆ ಅವಕಾಶವಿಲ್ಲ.

ತರ್ಕಶಾಸ್ತ್ರಕ್ಕೆ ದೇವದತ್ತ ಹೇಗೋ ಈ ಶಾಸ್ತ್ರಕ್ಕೆ ದೊಡ್ಡಪ್ಪ ಹಾಗೆ. ಆತನಲ್ಲಿ ಇಂಟೆಲ್ 945ಜಿ ಚಿಪ್‌ಸೆಟ್ಟಿನ, 2005ರ ತಲೆಮಾರಿನ ಒಂದು ಡಬ್ಬವಿದೆ ಎಂದುಕೊಳ್ಳೋಣ. 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಬೆಂಬಲ ನಿಂತಾಗ ಯಾರೋ ಪುಣ್ಯಾತ್ಮರು ಅದಕ್ಕೆ ವಿಂಡೋಸ್ 10 ಹಾಕಿಕೊಟ್ಟರು. ಅಂದಿನಿಂದ ತೆರೆಯ ಮೇಲೆ ಜಗತ್ತೇ ದಪ್ಪಗಾಯಿತು. ಹುಣ್ಣಿಮೆಯ ಚಂದ್ರ ಕೋಳಿಮೊಟ್ಟೆಯಾದ. ಮದುವೆ ಫೋಟೋದ ಬೀಗರು ಇದ್ದದ್ದಕ್ಕಿಂತ ಅಗಲವಾಗಿ ಕಂಡರು. ಇದರಿಂದ ದೊಡ್ಡಮ್ಮನಿಗೆ ಬೇಸರವೇನೂ ಆಗಲಿಲ್ಲವೆಂದು ಕೆಲವು ಪಾಠಾಂತರಗಳಲ್ಲಿದೆ. 1366×768 ಚುಕ್ಕಿಗಳ ಅಗಲ ಮಾನಿಟರಿನ ಮೇಲೆ 1024×768ರ ಚಿತ್ರವನ್ನು ಅಡ್ಡಡ್ಡ ಎಳೆದು ತುಂಬಿಸಿದ್ದರ ಫಲ ಇದು.

ಇನ್ನು ದರ್ಶನಭೇದ. ಮದರ್‌ಬೋರ್ಡಿನಲ್ಲೇ ಬೆರೆತು, ಸ್ವಂತಕ್ಕೆ ಮೆಮೊರಿಯಿಲ್ಲದೆ, ಕಂಪ್ಯೂಟರಿನ ರ‍್ಯಾಮನ್ನೇ ತನ್ನದೆಂದು ಬಗೆಯುವ ಗ್ರಾಫಿಕ್ಸ್ ಅದ್ವೈತಿ. ತನ್ನದೇ ಮೆಮೊರಿ, ತನ್ನದೇ ಫ್ಯಾನು, ತನ್ನದೇ ಗದ್ದಲದೊಡನೆ ಬೇರೆ ಸ್ಲಾಟಿನಲ್ಲಿ ಕೂರುವ ಕಾರ್ಡು ದ್ವೈತಿ. ನಾವಿಬ್ಬರೂ ಎಂದೂ ಒಂದಲ್ಲ ಎಂಬುದು ಅದರ ನಿಲುವು. 2010ರಲ್ಲಿ ಎನ್‌ವಿಡಿಯಾ ಆಪ್ಟಿಮಸ್ ಎಂಬ ವ್ಯವಸ್ಥೆ ತಂದಿತು. ಅದರಲ್ಲಿ ಚಿತ್ರ ಬಿಡಿಸುವುದು ಪ್ರತ್ಯೇಕ ಚಿಪ್ಪು, ತೆರೆಗೆ ಬಡಿಸುವುದು ಇಂಟೆಲ್ಲಿನ ಚಿಪ್ಪು. ಭಿನ್ನವಾಗಿದ್ದೂ ಒಂದರ ಮೂಲಕವೇ ಇನ್ನೊಂದು ಪ್ರಕಟವಾಗುವ ಇದು ವಿಶಿಷ್ಟಾದ್ವೈತ. ಶೃಂಗೇರಿ, ಉಡುಪಿ, ಮೇಲುಕೋಟೆ ಮೂರನ್ನೂ ಕಂಡ ನಾಡಿನವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ದೊಡ್ಡಪ್ಪನ ಡಬ್ಬ ಅದ್ವೈತಿ.

ಡ್ರೈವರ್ ಹುಡುಕಹೊರಟವನು ಮೊದಲು ಗೋತ್ರ ಕೇಳಬೇಕು. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಎಂಬಲ್ಲಿ ಹಾರ್ಡ್‌ವೇರ್ ಐಡಿ ಓದಿದರೆ ಗೋತ್ರವೂ ಪ್ರವರವೂ ಒಟ್ಟಿಗೇ ಸಿಗುತ್ತವೆ. ಇಲ್ಲಿ ಸಿಕ್ಕಿದ್ದು ವೆಂಡರ್ 8086, ಡಿವೈಸ್ 2772. ಇಂಟೆಲ್ 1978ರಲ್ಲಿ ಹೊರತಂದ ಪ್ರೊಸೆಸರಿನ ಸಂಖ್ಯೆಯೇ ಇಂದಿಗೂ ಆ ವಂಶದ ಗೋತ್ರಸಂಖ್ಯೆ. ಇದಕ್ಕಿಂತ ಸ್ವಾರಸ್ಯದ್ದು 1002. ಅದು ಎಟಿಐ ಮನೆತನದ್ದು. 2006ರಲ್ಲಿ ಎಎಂಡಿ ಆ ಕಂಪನಿಯನ್ನೇ ಕೊಂಡುಕೊಂಡಿತು. ಕಾರ್ಡುಗಳು ಮಾತ್ರ ತವರಿನ ಗೋತ್ರವನ್ನು ಬಿಟ್ಟುಕೊಡಲಿಲ್ಲ. ಧರ್ಮಶಾಸ್ತ್ರಜ್ಞರು ಈ ವಿಷಯದಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.

ಈಗ ಪೂರ್ವಪಕ್ಷಗಳು. 'ಫಾರ್ಮ್ಯಾಟ್ ಹೊಡಿ' ಎಂಬುದು ಅತಿಪ್ರಾಚೀನ ಮತ. ತಲೆನೋವಿಗೆ ಶಿರಚ್ಛೇದವೇ ಮದ್ದೆಂದು ನಂಬುವ ಇವರೊಡನೆ ವಾದವಿಲ್ಲ. ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವವರು ಘರ್ಷಣವಾದಿಗಳು. ತೆರೆಯೇ ಬಾರದೆ ಬೀಪ್ ಬೀಪ್ ಎನ್ನುವ ಡಬ್ಬಕ್ಕೆ ಇವರ ಚಿಕಿತ್ಸೆ ಅನೇಕ ಸಲ ಫಲಿಸುತ್ತದೆ, ಅಲ್ಲಗಳೆಯಲಾಗದು. ಚಂದ್ರ ಮೊಟ್ಟೆಯಾದದ್ದಕ್ಕೆ ಮಾತ್ರ ರಬ್ಬರ್ ಏನೂ ಮಾಡಲಾರದು. ಎಲ್ಲರಿಗಿಂತ ಅಪಾಯಕಾರಿ ನವೀನವಾದಿ. 'ಲೇಟೆಸ್ಟ್ ಡ್ರೈವರ್ ಹಾಕಿದರಾಯಿತು' ಎನ್ನುತ್ತಾನೆ. ಹೊಸದರಲ್ಲಿ ಮುದಿ ಚಿಪ್ಪಿನ ಹೆಸರೇ ಇರುವುದಿಲ್ಲ. ಹೇಗೋ ಕೂರಿಸಿದರೋ, ಅಲ್ಪಪ್ರಳಯ: ತೆರೆ ಕಪ್ಪಾಗುತ್ತದೆ, ಮರಳುತ್ತದೆ, ಡ್ರೈವರ್ ಉಸಿರು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಆಕಾಶವಾಣಿ ಮೂಲೆಯಲ್ಲಿ ಮೂಡುತ್ತದೆ. ವಿಸ್ಟಾ ಕಾಲದಿಂದ ವಿಂಡೋಸ್ ಚಿಪ್ಪಿನ ಉತ್ತರಕ್ಕಾಗಿ ಎರಡು ಸೆಕೆಂಡು ಕಾದು, ಆಮೇಲೆ ತಾನೇ ಹಿಡಿದೆಬ್ಬಿಸುತ್ತದೆ. ಎಕ್ಸ್‌ಪಿ ಯುಗದಲ್ಲಿ ಈ ದಯೆಯಿರಲಿಲ್ಲ, ನೀಲಿ ತೆರೆಯೇ ಗತಿ.

ಸಿದ್ಧಾಂತ ಹೀಗಿದೆ. 945ಜಿಗೆ ವಿಂಡೋಸ್ 10ರ ಡ್ರೈವರನ್ನು ಇಂಟೆಲ್ ಮಾಡಲೇ ಇಲ್ಲ. ಹಾಗಾಗಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ಆಪದ್ಧರ್ಮದ ಡ್ರೈವರ್ ಬಂದು ಕೂತಿದೆ. ಯಾವ ಚಿಪ್ಪಿನೊಡನೆಯೂ ಸಂಸಾರ ಮಾಡಬಲ್ಲ ಈ ಸನ್ಯಾಸಿ ಬಯಾಸ್ ಪಟ್ಟಿಯಲ್ಲಿದ್ದ ಅಳತೆಗಳಲ್ಲೇ ತೃಪ್ತ. ಹಳೇ ಪಟ್ಟಿಗಳಿಗೋ 8ರಿಂದ ಸಮವಾಗಿ ಭಾಗವಾಗುವ ಅಗಲಗಳೇ ಇಷ್ಟ, 1366 ಭಾಗವಾಗದು. ಆದ್ದರಿಂದ ವಿಂಡೋಸ್ 7ಕ್ಕೆಂದು ಬಂದ ಡ್ರೈವರನ್ನೇ ತಂದು, 'ಹ್ಯಾವ್ ಡಿಸ್ಕ್' ಒತ್ತಿ, ಅದರ .ಐಎನ್ಎಫ್ ಕಡತವನ್ನು ಕೈಯಾರೆ ತೋರಿಸಬೇಕು. ಒಮ್ಮೊಮ್ಮೆ ಒಪ್ಪುತ್ತದೆ. ಮುದಿ ಚಿಪ್ಪಿಗೆ ಅದರ ಓರಗೆಯ ಡ್ರೈವರೇ ಸರಿ ಎಂದು ಈ ಭಾಷ್ಯಕಾರನ ಖಚಿತ ಮತ.

ಒಪ್ಪಿದ ಮೇಲೂ ಚಂದ್ರ ಗುಂಡಗಾಗದಿದ್ದರೆ? ಆಗ ಪಂಡಿತನು ಮೇಜಿನ ಕೆಳಗೆ ನುಗ್ಗಬೇಕು. ಧೂಳು, ಜೇಡರಬಲೆ, ಎಂದೋ ಕಳೆದ ಚಮಚ ಎಲ್ಲವನ್ನೂ ದಾಟಿ ನೀಲಿ ವಿಜಿಎ ಕೇಬಲ್ಲಿನ ಸ್ಕ್ರೂ ತಿರುಚಿ, ಎಳೆದು, ಮೂತಿಗೆ ಟಾರ್ಚ್ ಬಿಡಬೇಕು. ಮೂರು ಸಾಲು, ಹದಿನೈದು ಸ್ಥಾನ. ನಡುಸಾಲಿನ ಒಂಬತ್ತನೆಯದು ಅನೇಕ ಕೇಬಲ್ಲುಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಅದಕ್ಕೆ ಗಾಬರಿ ಬೇಡ. ಮೊದಲ ಮೂರು ಕೆಂಪು, ಹಸಿರು, ನೀಲಿ. ಮೂರನೆಯದು ಮುರಿದರೆ ಬಿಳಿಯೆಲ್ಲ ಅರಿಸಿನ. ಕೊನೆಯ ಸಾಲಿನ 12 ಮತ್ತು 15ರ ಮೂಲಕ ಮಾನಿಟರ್ ತಾನು ಯಾರು, ತನ್ನ ಅಳತೆಯೇನು ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಇವುಗಳಲ್ಲಿ ಒಂದು ಬಾಗಿದ್ದರೂ ಮಾನಿಟರ್ ಮೌನಿ. ಅಜ್ಞಾತಕುಲಶೀಲನೆಂದು ಬಗೆದು ಗಣಕವು 1024×768ರಲ್ಲೇ ಕೈತೊಳೆದುಕೊಳ್ಳುತ್ತದೆ. ಇಲ್ಲಿ 12 ಮಲಗಿತ್ತು. ಸಣ್ಣ ಲೆಡ್ ಹಾಕುವ ಪೆನ್ಸಿಲ್ಲಿನ ಲೆಡ್ ತೆಗೆದು, ಟೊಳ್ಳು ತುದಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಮೆಲ್ಲಗೆ ಎಬ್ಬಿಸಬೇಕು. ಆತುರಪಟ್ಟರೆ ಮುರಿಯುತ್ತದೆ, ಆಗ ಬೆಂಗಳೂರಿನ ಎಸ್.ಪಿ. ರಸ್ತೆಗೆ ತೀರ್ಥಯಾತ್ರೆ.

ಫಲಶ್ರುತಿ. ಡಬ್ಬ ಮತ್ತೆ ಶುರುವಾಯಿತು. ಚಂದ್ರ ಗುಂಡಗಾದ, ಬೀಗರು ಯಥಾಗಾತ್ರಕ್ಕೆ ಇಳಿದರು. ಅಧಿಕಾರಿಯು ಸೊಂಟ ಹಿಡಿದುಕೊಂಡು ಎದ್ದುನಿಂತ. ದೊಡ್ಡಪ್ಪ ಕನ್ನಡಕ ಏರಿಸಿ, ಇಳಿಸಿ, ತೆರೆಯ ಹತ್ತಿರ ಬಗ್ಗಿ ನೋಡಿದರು.

"ಏನೋ ಇದು, ಅಕ್ಷರ ಇಷ್ಟು ಸಣ್ಣ ಮಾಡಿಟ್ಟಿದೀಯ? ಮೊದ್ಲೇ ಚೆನ್ನಾಗಿತ್ತಲ್ಲೋ. ಹಾಗೇ ಮಾಡ್ಕೊಟ್ಟು ಹೋಗು. ಊಟ ಮಾಡ್ಕೊಂಡು ಹೋದ್ರಾಯ್ತು, ನಿಧಾನಕ್ಕೆ ಮಾಡು."