ಪಾರ್ಶ್ವದರ್ಶನ

ಸೈಕಲ್ಲಿನ ಚಿತ್ರವನ್ನು ಬರೆ ಎಂದು ಯಾವ ಮಗುವಿನ ಕೈಗೆ ಬಳಪವನ್ನು ಕೊಟ್ಟರೂ ಅದು ಬರೆಯುವುದು ಸೈಕಲ್ಲಿನ ಪಕ್ಕವನ್ನೇ ಹೊರತು ಮುಖವನ್ನಲ್ಲ. ಎರಡು ಸೊನ್ನೆ, ಅವುಗಳ ನಡುವೆ ನಾಲ್ಕಾರು ಗೀಟು, ಮೇಲೊಂದು ಸೀಟು, ಮುಂದೊಂದು ಹ್ಯಾಂಡಲ್ಲು, ಇಷ್ಟಾದರೆ ಸೈಕಲ್ಲು ಸಿದ್ಧ. ಇದಿರಿನಿಂದ ನೋಡಿದರೆ ಈ ವಾಹನವು ನೆಟ್ಟಗೆ ನಿಂತ ಒಂದು ಗೆರೆ, ಅದರ ಮೇಲೊಂದು ಅಡ್ಡಗೆರೆ. ಹಿಂದಿನಿಂದ ನೋಡಿದರೆ ಅದೂ ಇಲ್ಲ, ಸವಾರನ ಬೆನ್ನೇ ಸಮಸ್ತವನ್ನೂ ನುಂಗಿರುತ್ತದೆ. ಆರಡಿಯ ಅದರ ನಿಡಿದಾದ ದೇಹ, ಚೈನ್ ಕವರಿನ ಗಾಂಭೀರ್ಯ, ಬಾರಿನ ಮೇಲೆ ಕುಳಿತ ಮಗು, ಕ್ಯಾರಿಯರಿನ ಮೇಲೆ ಒಂದೇ ಕಡೆಗೆ ಕಾಲಿಳಿಬಿಟ್ಟು ಕುಳಿತ ಗೃಹಿಣಿ, ಹ್ಯಾಂಡಲ್ಲಿಗೆ ಜೋತುಬಿದ್ದ ತರಕಾರಿಯ ಚೀಲ, ಹೀಗೆ ಒಂದು ಸಂಸಾರದ ಸಕಲ ಐಶ್ವರ್ಯವೂ ವ್ಯಕ್ತವಾಗುವುದು ಪಾರ್ಶ್ವದಲ್ಲಿ. ಹೀಗಿದ್ದರೂ ಸೂರ್ಯನು ಮುಳುಗಿದೊಡನೆ ನಾವು ಅದರ ಮೂಗಿಗೊಂದು ಬಿಳಿಯ ದೀಪವನ್ನೂ ಬಾಲಕ್ಕೊಂದು ಕೆಂಪು ಬಿಲ್ಲೆಯನ್ನೂ ತಗುಲಿಸಿ, ಕರ್ತವ್ಯವು ಮುಗಿಯಿತೆಂದು ಹೊರಟುಬಿಡುವುದರಿಂದ, ಯಾವ ಕಡೆಯಿಂದ ಸೈಕಲ್ಲು ಪರಿಪೂರ್ಣವಾಗಿ ಸೈಕಲ್ಲಾಗಿರುವುದೋ ಆ ಕಡೆಯಿಂದಲೇ ಅದು ಇಲ್ಲವಾಗಿಬಿಡುತ್ತದೆ.

ಈ ಪಕ್ಷಪಾತಕ್ಕೆ ಸರ್ಕಾರವೂ ಹೊರತಾಗಿರಲಿಲ್ಲ. ನಾನು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ದೀಪವಿಲ್ಲದ ಸೈಕಲ್ಲನ್ನು ಹಿಡಿಯಲು ಚೌಕದ ಮರೆಯಲ್ಲಿ ನಿಲ್ಲುತ್ತಿದ್ದ ಪೊಲೀಸಿನವರು, ದಂಡಕ್ಕೆ ಹಣವಿಲ್ಲವೆಂದರೆ ಚಕ್ರದ ವಾಲ್ವನ್ನು ಕಿತ್ತು, ನಮ್ಮನ್ನು ನಮ್ಮ ವಾಹನದೊಡನೆ ಪಾದಚಾರಿಗಳನ್ನಾಗಿ ಮಾಡಿ ಕಳುಹಿಸುತ್ತಿದ್ದರು. ಆ ಭಯಕ್ಕೆ ಕೆಲವರು ಮೇಣದ ಬತ್ತಿಗೆ ಕಾಗದದ ಪೊಟ್ಟಣವನ್ನು ಸುತ್ತಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ಲನ್ನು ಹಿಡಿದು, ಮಂಗಳಾರತಿಗೆ ಹೊರಟ ಅರ್ಚಕರಂತೆ ಮೆಲ್ಲನೆ ಸಾಗುತ್ತಿದ್ದರು. ಉಳ್ಳವರಿಗೆ ಡೈನಮೊ ಇತ್ತು. ಟೈರಿಗೆ ತಲೆಯನ್ನು ಒರಗಿಸಿಕೊಂಡು ಕೊರಗುತ್ತ ಸುತ್ತುವ ಈ ಯಂತ್ರವು ಸವಾರನು ತುಳಿದರೆ ಉರಿಯುತ್ತದೆ, ನಿಂತರೆ ಆರುತ್ತದೆ. ಅರ್ಥಾತ್ ನಾಲ್ಕು ದಾರಿ ಕೂಡುವಲ್ಲಿ, ಎಲ್ಲರಿಗೂ ಕಾಣಿಸಬೇಕಾದ ಆ ಒಂದು ಗಳಿಗೆಯಲ್ಲಿ, ವಿನಯದಿಂದ ಕಣ್ಣು ಮುಚ್ಚಿಕೊಳ್ಳುತ್ತದೆ. ಹಿಂದಿನ ಮಡ್‌ಗಾರ್ಡಿನ ತುದಿಗೆ ಅಂಗೈಯಗಲದ ಬಿಳಿಯ ಬಣ್ಣವನ್ನು ಬಳಿದು ಮಾರುತ್ತಿದ್ದ ಕಾರ್ಖಾನೆಯವರೂ ಮಿಕ್ಕ ದೇಹಕ್ಕೆಲ್ಲ ಬಳಿಯುತ್ತಿದ್ದುದು ಅಮಾವಾಸ್ಯೆಯ ಕಪ್ಪನ್ನೇ. ಪಕ್ಕದಲ್ಲಿ ದೀಪವೆಲ್ಲಿ ಎಂದು ಕೇಳಿದ ಪೊಲೀಸಿನವನನ್ನು ನಾನು ಇದುವರೆಗೆ ಕಂಡಿಲ್ಲ.

ಇದರ ಕಾರಣವನ್ನು ನಾನು ಬಹುಕಾಲ ಯೋಚಿಸಿದ್ದೇನೆ. ಮುಂದಿನ ದೀಪದಿಂದ ನನಗೆ ಹಳ್ಳ ಕಾಣುತ್ತದೆ, ಕಲ್ಲು ಕಾಣುತ್ತದೆ, ಮಲಗಿದ ಎಮ್ಮೆ ಕಾಣುತ್ತದೆ. ಅದಕ್ಕೆ ಕೊಟ್ಟ ಹಣಕ್ಕೆ ಪ್ರತಿಫಲವುಂಟು. ಹಿಂದಿನ ಕೆಂಪಿನಿಂದ ಬೆನ್ನ ಮೇಲೆ ಬರುವ ಲಾರಿಯ ಭಯವು ಒಂದಿಷ್ಟು ಕಡಮೆಯಾಗುತ್ತದೆ. ಪಕ್ಕದ ದೀಪವಾದರೋ ಸವಾರನಿಗೆ ಏನನ್ನೂ ತೋರಿಸುವುದಿಲ್ಲ. ತನ್ನ ದುಡ್ಡಿನ ಎಣ್ಣೆಯಲ್ಲಿ ಪರರ ಕಣ್ಣಿಗೆ ಬೆಳಕು. ಇಂಥ ನಿಷ್ಕಾಮ ಕರ್ಮವನ್ನು ಗೀತೆಯ ಪ್ರವಚನದಲ್ಲಿ ಕೇಳಿ ತಲೆದೂಗುವವರು ಬಹುಮಂದಿಯಾದರೂ ಸೈಕಲ್ ಷಾಪಿನಲ್ಲಿ ಅದನ್ನು ಕೊಳ್ಳುವವರು ವಿರಳ.

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಉದಾರಿಗಳು. ಸಂತೆಯಿಂದ ರಾತ್ರಿ ಹಿಂದಿರುಗುವ ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನು ತೂಗುತ್ತಿತ್ತು. ಅದು ಗಾಡಿಯವನಿಗೆ ದಾರಿ ತೋರಿಸುವುದಕ್ಕಲ್ಲ. ಅವನು ಮಲಗಿರುತ್ತಿದ್ದನು, ದಾರಿ ಎತ್ತುಗಳಿಗೆ ಗೊತ್ತಿತ್ತು. ಆದರೆ ಲಾಟೀನಿಗೆ ಮುಂದು ಹಿಂದು ಎಂಬ ಭೇದವಿಲ್ಲದ ಕಾರಣ ಅದರ ಬೆಳಕು ನಾಲ್ಕು ದಿಕ್ಕಿಗೂ ಹರಿದು, ಎರಡು ಗಾಲಿಗಳ ಅರೆಕಾಲುಗಳ ನೆರಳು ರಸ್ತೆಯ ಇಕ್ಕೆಲದ ಹೊಲಗಳ ಮೇಲೆ ದೈತ್ಯಾಕಾರವಾಗಿ ತಿರುಗುತ್ತಿದ್ದುದನ್ನು ಒಂದು ಫರ್ಲಾಂಗ್ ದೂರದಿಂದ ಕಂಡವನು ಕೂಡ ಇದು ಗಾಡಿಯಲ್ಲದೆ ಬೇರೆಯಲ್ಲವೆಂದು ತಿಳಿಯುತ್ತಿದ್ದನು. ದೇವರ ಉತ್ಸವದಲ್ಲಿಯೂ ದೀವಟಿಗೆಯವರು ನಡೆಯುವುದು ಅಡ್ಡೆಯ ಎರಡು ಪಕ್ಕಗಳಲ್ಲಿ. ನಮ್ಮ ಮೇಷ್ಟ್ರುಗಳು ಸೈಕಲ್ಲಿನ ಮೇಲೆ ಬೆಳ್ಳಗಿನ ಕಚ್ಚೆಪಂಚೆಯನ್ನುಟ್ಟು ಹೋಗುತ್ತಿದ್ದಾಗ ದೀಪವಿಲ್ಲದೆಯೂ ಪಕ್ಕದಿಂದ ಗೋಚರಿಸುತ್ತಿದ್ದರು. ಅವರ ಶಿಷ್ಯರಾದ ನಾವು ಕರಿಯ ಷರಾಯಿಯನ್ನು ತೊಟ್ಟ ದಿನವೇ ಕತ್ತಲಲ್ಲಿ ಲೀನವಾದೆವು.

ಈ ತತ್ತ್ವಚಿಂತನೆಯೆಲ್ಲ ನನ್ನ ತಲೆಯಲ್ಲಿಯೇ ಉಳಿಯಬಹುದಾಗಿತ್ತು. ಆದರೆ ಒಂದು ಸಂಜೆ ಸರಸ್ವತೀಪುರದ ಅಡ್ಡರಸ್ತೆಯೊಂದರಿಂದ ಹೊರಬಿದ್ದ ಕಾರು ನನ್ನ ಮೊಣಕಾಲಿಗೆ ಗೇಣುದೂರದಲ್ಲಿ ನಿಂತು, ಅದರೊಳಗಿದ್ದ ಮಹಾಶಯನು ತಲೆಯನ್ನು ಹೊರಗೆ ಹಾಕಿ, "ಏನ್ ಯಜಮಾನ್ರೇ, ಕಾಣಿಸಲೇ ಇಲ್ಲವಲ್ಲ ನೀವು!" ಎಂದು, ನಾನು ಬೇಕೆಂದೇ ಅಡಗಿಕೊಂಡಿದ್ದೆನೋ ಎಂಬಂತೆ ಗದರಿಸಿದನು. ಈ ವೃತ್ತಾಂತವು ಮನೆಯನ್ನು ನನಗಿಂತ ಮೊದಲೇ ಮುಟ್ಟಿತು. "ಸೈಕಲ್ ಬಿಡಿ, ಇಲ್ಲ ಎಲ್ಲ ಕಡೆಯಿಂದಲೂ ಕಾಣಿಸೋ ಹಾಗೆ ಏನಾದರೂ ಮಾಡಿಸಿ" ಎಂದು ನನ್ನ ಗೃಹಿಣಿಯ ಆಜ್ಞೆಯಾಯಿತು.

ಸೈಕಲ್ ಷಾಪಿನವನು ನನ್ನ ಹಳೆಯ ಪರಿಚಯದವನು. ದೀಪ ಬೇಕೆಂದೆನು.

"ಮುಂದಕ್ಕಾ ಹಿಂದಕ್ಕಾ ಸ್ವಾಮಿ?"

"ಪಕ್ಕಕ್ಕೆ."

"ಪಕ್ಕಕ್ಕೆ ಏನ್ ನೋಡ್ತೀರಿ?"

"ನಾನು ನೋಡುವುದಕ್ಕಲ್ಲಪ್ಪ, ನನ್ನನ್ನು ನೋಡುವುದಕ್ಕೆ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅವಲೋಕಿಸಿ, ಈ ವಯಸ್ಸಿನಲ್ಲಿ ಇದೆಂಥ ಆಸೆಯೆಂಬುದನ್ನು ಬಾಯಿಬಿಟ್ಟು ಹೇಳದೆ, ತನ್ನಲ್ಲಿದ್ದ ಸಾಮಗ್ರಿಗಳನ್ನೆಲ್ಲ ಹರಡಿದನು. ಕಡ್ಡಿಗಳಿಗೆ ಸಿಕ್ಕಿಸುವ ಹಳದಿಯ ರಿಫ್ಲೆಕ್ಟರು, ಫೋರ್ಕಿಗೂ ಬಾರಿಗೂ ಅಂಟಿಸುವ ರೇಡಿಯಂ ಪಟ್ಟಿ, ವಾಲ್ವಿನ ತಲೆಗೆ ತಿರುಗಿಸಿದರೆ ಚಕ್ರದೊಡನೆ ಸುತ್ತುತ್ತ ಕೆಂಪು ಹಸುರು ನೀಲಿಗಳನ್ನು ಕಾರುವ ಒಂದು ಚೀನಾ ದೀಪ. ಕೊನೆಯದನ್ನು ಕಂಡು ನನಗೆ ಭೀತಿಯಾಯಿತು. ಹೆಚ್ಚುಕಡಮೆ ಲಕ್ಷ ದೀಪಗಳಿಂದ ಅಂಚುಕಟ್ಟಿಸಿಕೊಂಡು ಭಾನುವಾರದ ಸಂಜೆ ಬೆಳಗುವ ಅರಮನೆಯಿರುವ ಊರಿನಲ್ಲಿ ನಿವೃತ್ತ ಗುಮಾಸ್ತನೊಬ್ಬನು ಅದರೊಡನೆ ಸ್ಪರ್ಧೆಗೆ ಇಳಿಯುವುದು ತರವಲ್ಲ. ಉಳಿದೆರಡನ್ನು ಕೊಂಡೆನು.

ಅವುಗಳ ಗುಣಾವಗುಣಗಳನ್ನು ವಿವರಿಸಿದವರು ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತರಾಗಿರುವ ನೆರೆಮನೆಯ ಮೇಷ್ಟ್ರು. ಅವರನ್ನು ಒಂದು ಪ್ರಶ್ನೆ ಕೇಳಿದರೆ ಒಂದು ಪೀರಿಯಡ್ಡು ಕಳೆಯುತ್ತದೆಂಬುದು ಬೀದಿಗೆಲ್ಲ ತಿಳಿದ ವಿಷಯ. ಸಾಧಾರಣ ಕನ್ನಡಿಗೆ ಓರೆಯಾಗಿ ಬಿದ್ದ ಬೆಳಕು ಇನ್ನೊಂದು ಕಡೆಗೆ ಹೊರಟುಹೋಗುತ್ತದಂತೆ. ಮೂರು ಕನ್ನಡಿಗಳನ್ನು ಕೋಣೆಯ ಮೂಲೆಯಂತೆ ಒಂದಕ್ಕೊಂದು ಲಂಬವಾಗಿ ಕೂಡಿಸಿದರೆ ಬೆಳಕು ಮೂರರ ಮೇಲೂ ಹಾಯ್ದು, ಬಂದ ದಾರಿಯನ್ನೇ ಹಿಡಿದು ಹಿಂದಿರುಗುತ್ತದಂತೆ. ರಿಫ್ಲೆಕ್ಟರಿನ ಹಳದಿ ಪ್ಲಾಸ್ಟಿಕ್ಕಿನ ಬೆನ್ನಲ್ಲಿ ಇಂಥ ಸಣ್ಣ ಮೂಲೆಗಳು ಸಾಲುಗಟ್ಟಿವೆ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ ಪರ್ಸಿ ಷಾ ಎಂಬಾತನು 1934ರಲ್ಲಿ ಬೇರೊಂದು ಬಗೆಯ ಗಾಜಿನ ಕಣ್ಣುಗಳನ್ನು ಮಾಡಿ ರಸ್ತೆಯ ನಡುವೆ ನೆಡುವ ಉಪಾಯಕ್ಕೆ ಪೇಟೆಂಟು ಪಡೆದು ಧನಿಕನಾದನು. ಬೆಕ್ಕುಗಳೂ ದನಗಳೂ ಕಣ್ಣಿನ ಹಿಂದೆ ಒಂದು ಹೊಳೆಯುವ ಪೊರೆಯನ್ನು ಇಟ್ಟುಕೊಂಡು ಅದೇ ಕೆಲಸವನ್ನು ಅನಾದಿಯಿಂದ ಪುಕ್ಕಟೆಯಾಗಿ ಮಾಡುತ್ತಿವೆ. "ಚಂದ್ರನ ಮೇಲೂ ಇದೇ ರಿಫ್ಲೆಕ್ಟರ್ ಇದೆ ಸ್ವಾಮಿ" ಎಂದರು ಮೇಷ್ಟ್ರು. 1969ರಲ್ಲಿ ಅಪೊಲೊ 11ರವರು ಇಟ್ಟುಬಂದ ಮೂಲೆಗನ್ನಡಿಗಳು ಭೂಮಿಯಿಂದ ಬಿಟ್ಟ ಲೇಸರ್ ಬೆಳಕನ್ನು ಇಂದಿಗೂ ಹಿಂದಿರುಗಿಸುತ್ತಿವೆ; 2023ರಲ್ಲಿ ನಮ್ಮ ಚಂದ್ರಯಾನ 3ರ ವಿಕ್ರಮನೂ ಅಂಥದೊಂದು ಪುಟ್ಟ ಸಾಧನವನ್ನು ಹೊತ್ತು ಅಲ್ಲಿಳಿದನು. ಸುಮಾರು 3,84,000 ಕಿಲೋಮೀಟರ್ ದೂರದ ಬೆಳಕಿಗೆ ಉತ್ತರ ಕೊಡುವ ವಸ್ತು ಇರುವಾಗ ಸರಸ್ವತೀಪುರದ ಅಡ್ಡರಸ್ತೆಯಲ್ಲಿ ನಾನೇಕೆ ಅಜ್ಞಾತವಾಸದಲ್ಲಿರಬೇಕು?

ಆದರೆ ಮೇಷ್ಟ್ರು ಸತ್ಯವಂತರು, ದೋಷವನ್ನೂ ಹೇಳಿದರು. ರಿಫ್ಲೆಕ್ಟರು ದೀಪವನ್ನು ತಂದವನಿಗಷ್ಟೇ ಬೆಳಕನ್ನು ಕೊಡುತ್ತದೆ. ಪಕ್ಕದಲ್ಲಿ ನಡೆದುಹೋಗುವವನಿಗೆ ಕೊಡುವುದಿಲ್ಲ. ಕಾರಿನ ದೀಪಗಳಾದರೂ ತಮ್ಮ ಮೂಗಿನ ನೇರಕ್ಕೆ ಮಾತ್ರ ನೋಡುವ ಗರ್ವಿಷ್ಠರು. ಅಡ್ಡರಸ್ತೆಯಿಂದ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಸೆಕೆಂಡಿಗೆ 11 ಮೀಟರ್ ಕ್ರಮಿಸುತ್ತದೆ. ಗಂಟೆಗೆ 12 ಕಿಲೋಮೀಟರಿನ ನನ್ನ ರಾಜಗಾಂಭೀರ್ಯದಲ್ಲಿ ಆ ಮೂವತ್ತು ಅಡಿಯ ಅಡ್ಡರಸ್ತೆಯ ಬಾಯನ್ನು ದಾಟುವುದಕ್ಕೆ ಮೂರು ಸೆಕೆಂಡು ಹಿಡಿಯುವುದರೊಳಗೆ ಕಾರು ಮೂವತ್ತು ಮೀಟರ್ ಮುಂದೆ ಬಂದಿರುತ್ತದೆ. ಅದರ ಬೆಳಕು ನನ್ನ ಮೇಲೆ ಬಿದ್ದು, ರಿಫ್ಲೆಕ್ಟರು ಅದನ್ನು ವಿಧೇಯತೆಯಿಂದ ಹಿಂದಿರುಗಿಸಿ, ಚಾಲಕನು ಇದೇನೆಂದು ವಿಚಾರಮಾಡಿ ಬ್ರೇಕನ್ನು ಒತ್ತುವ ವೇಳೆಗೆ, ನಾನು ಆಚೆಯ ದಡವನ್ನೋ ಪರಲೋಕವನ್ನೋ ಸೇರಿರಬೇಕು. ಆದುದರಿಂದ ಸ್ವಯಂಪ್ರಕಾಶವೂ ಒಂದಿರಬೇಕೆಂದು ತೀರ್ಮಾನವಾಗಿ, ಬ್ಯಾಟರಿಯ ಸಣ್ಣ ದೀಪವೊಂದನ್ನು ಬಾರಿನ ಕೆಳಗೆ, ಗಾಡಿಯ ಲಾಟೀನಿನ ಸ್ಥಾನದಲ್ಲಿ, ತೂಗುಹಾಕಿದೆನು. ಏನನ್ನೂ ತೋರಿಸದ ಅದರ ಬೆಳಕಿನಲ್ಲಿ ನನ್ನ ಮೊಣಕಾಲುಗಳು ಮಾತ್ರ ಭವ್ಯವಾಗಿ ಏರಿಳಿಯತೊಡಗಿದುವು.

ಹಾಗೆ ಏರಿಳಿಯುವುದೇ ಮುಖ್ಯವೆಂದು ಮೇಷ್ಟ್ರು ಸಂತೋಷಪಟ್ಟರು. ಸ್ವೀಡನ್ನಿನ ಗುನ್ನಾರ್ ಯೋಹಾನ್ಸನ್ ಎಂಬ ಮನಶ್ಶಾಸ್ತ್ರಜ್ಞನು 1973ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮನುಷ್ಯನ ಕೀಲುಗಳಿಗೆ ಕೆಲವೇ ಬೆಳಕಿನ ಚುಕ್ಕೆಗಳನ್ನು ಹಚ್ಚಿ ಕತ್ತಲಲ್ಲಿ ನಡೆಸಿದರೆ, ಚುಕ್ಕೆಗಳು ಕದಲಿದ ಕ್ಷಣಮಾತ್ರದಲ್ಲಿ ನೋಡುವವರು ಇವನು ಮನುಷ್ಯನೆಂದು ಗುರುತಿಸಿದರಂತೆ. ನಿಂತ ಚುಕ್ಕೆಗಳಲ್ಲಿ ಯಾರಿಗೂ ಏನೂ ಕಾಣಲಿಲ್ಲವಂತೆ. ಅದಕ್ಕಾಗಿಯೇ ಮೇಷ್ಟ್ರು ನನ್ನ ಎರಡು ಕಣಕಾಲುಗಳಿಗೂ ರೇಡಿಯಂ ಪಟ್ಟಿಗಳನ್ನು ತಾವೇ ಕಟ್ಟಿದರು. ಅಂದು ನಾಟ್ಯಶಾಲೆಗೆ ಹೋಗುವ ಎದುರುಮನೆಯ ಹುಡುಗಿ ನನ್ನ ಕಾಲುಗಳನ್ನು ನೋಡಿದ ನೋಟವನ್ನು ನಾನು ಮರೆಯಲಾರೆನು. ಕಡ್ಡಿಯ ರಿಫ್ಲೆಕ್ಟರಿನ ವಿಷಯಕ್ಕೆ ಬಂದಾಗಲಂತೂ ಮೇಷ್ಟ್ರಿಗೆ ಆವೇಶವೇ ಬಂದಿತು. ಉರುಳುವ ಚಕ್ರದ ಅಂಚಿನ ಬಿಂದುವು ಗಾಳಿಯಲ್ಲಿ ಬರೆಯುವ ಸೈಕ್ಲಾಯ್ಡ್ ಎಂಬ ವಕ್ರರೇಖೆಗೆ ಹೆಸರಿಟ್ಟವನು ಗೆಲಿಲಿಯೊ. ಅದರ ಒಂದು ಕಮಾನಿನ ವಿಸ್ತೀರ್ಣವನ್ನು ಅರಿಯಲು ತಗಡನ್ನು ಕತ್ತರಿಸಿ ತಕ್ಕಡಿಯಲ್ಲಿ ತೂಗಿದನು. ಅದು ಚಕ್ರದ ವಿಸ್ತೀರ್ಣದ ಸರಿಯಾಗಿ ಮೂರು ಪಟ್ಟೆಂದು ಮುಂದಿನವರು ಸಾಧಿಸಿದರು. ರಿಫ್ಲೆಕ್ಟರು ಅಂಚಿನಿಂದ ತುಸು ಒಳಗಿರುವುದರಿಂದ ಅದರ ರೇಖೆ ಇನ್ನಷ್ಟು ಸೌಮ್ಯ. "ನೀವು ಹಾಲು ತರೋದಕ್ಕೆ ಹೋದರೂ ಗೆಲಿಲಿಯೊನ ರೇಖೆ ಬರೀತಾ ಹೋಗ್ತೀರಿ!" ಎಂದು ಅವರು ಉದ್ಗರಿಸಿದಾಗ, ಐವತ್ತು ವರ್ಷ ಬರಿದೆ ಪೆಡಲು ತುಳಿದೆನಲ್ಲ ಎಂದು ನನಗೆ ವಿಷಾದವಾಯಿತು. ಅಮೆರಿಕೆಯಲ್ಲಿ 1970ರ ದಶಕದಲ್ಲಿಯೇ ಪಕ್ಕದ ರಿಫ್ಲೆಕ್ಟರಿಲ್ಲದೆ ಸೈಕಲ್ಲನ್ನು ಮಾರಕೂಡದೆಂದು ಕಾನೂನು ಮಾಡಿದರು. ಜರ್ಮನರು ಟೈರಿನ ಸುತ್ತಲೂ ಹೊಳೆಯುವ ಬಿಳಿಯ ಬಳೆಯಾದರೂ ಆಗಬಹುದೆನ್ನುತ್ತಾರೆ. ಹಾಗೆ ಮಾಡಿದರೆ ಕತ್ತಲಲ್ಲಿ ಎರಡು ಸೊನ್ನೆಗಳು ಮಾತ್ರ ಕಾಣುತ್ತವಂತೆ, ನೋಡಿದವರಿಗೆ ಸಂದೇಹವೇ ಉಳಿಯದಂತೆ.

ಇಷ್ಟೆಲ್ಲ ಆಭರಣಗಳನ್ನು ತೊಟ್ಟ ಮೇಲೆ ನಾನು ಊರಿಗೆ ಕಾಣಿಸಿದೆನು ಎಂಬುದರಲ್ಲಿ ಸಂಶಯವಿಲ್ಲ. ಕಾರುಗಳು ದೂರದಲ್ಲಿಯೇ ನಿಧಾನಿಸಿದುವು. ಗಣಪತಿಯನ್ನು ಯಾವ ಬೀದಿಯಲ್ಲಿ ಕೂರಿಸಿದ್ದೀರೆಂದು ಇಬ್ಬರು ವಿಚಾರಿಸಿದರು. ಇದುವರೆಗೆ ಕತ್ತಲಿನ ರಕ್ಷಣೆಯಲ್ಲಿ ನಾನು ಯಾರಿಂದ ತಪ್ಪಿಸಿಕೊಂಡು ಬರುತ್ತಿದ್ದೆನೋ ಆ ಸಂಘದ ಕಾರ್ಯದರ್ಶಿಗಳು ಚಂದಾಪುಸ್ತಕದೊಡನೆ ನನ್ನನ್ನು ಎರಡು ಸಲ ಅಡ್ಡಗಟ್ಟಿದರು. ಇದನ್ನೂ ಸಹಿಸಬಹುದು. ಆದರೆ ವೈದ್ಯರು ಕರಿದ ಪದಾರ್ಥಗಳನ್ನು ನಿಷೇಧಿಸಿದಂದಿನಿಂದ ಕುಕ್ಕರಹಳ್ಳಿ ಕೆರೆಯ ಕಡೆಗೆ ವಾಯುಸೇವನೆಗೆಂದು ಹೋಗುವ ನಾನು, ಹಿಂದಿರುಗುವಾಗ ಒಂದು ತಳ್ಳುಗಾಡಿಯ ಬಳಿ ಆಲೂಗಡ್ಡೆ ಬೋಂಡವನ್ನೂ ಸೇವಿಸುವುದುಂಟು. ಅಂದೂ ಹಾಗೆಯೇ ಸೈಕಲ್ಲನ್ನು ಗಾಡಿಗೆ ಮುಖಮಾಡಿ, ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಎಚ್ಚರಿಕೆಯಿಂದ ಬಾರಿನ ಕೆಳಗಿನ ದೀಪವನ್ನು ಆರಿಸಿ, ಕತ್ತಲೆಗೆ ಸರಿದು ಮೊದಲನೆಯ ಬೋಂಡವನ್ನು ಮುರಿಯುತ್ತಿದ್ದೆನು. ದೀಪಕ್ಕೆ ಗುಂಡಿಯುಂಟು; ರಿಫ್ಲೆಕ್ಟರಿಗೆ ಗುಂಡಿಯೆಲ್ಲಿಯದು? ತಿರುವಿನಲ್ಲಿ ಬಂದ ಒಂದು ಕಾರಿನ ಬೆಳಕು ಬಿದ್ದೊಡನೆ ನನ್ನ ಸೈಕಲ್ಲು ಎರಡು ಚಕ್ರ, ಬಾರು, ಫೋರ್ಕುಗಳ ಸಮೇತ ಧಗ್ಗನೆ ಹೊಳೆದು, ಬೆಳಕನ್ನು ತಂದವನಿಗೇ ಅದನ್ನು ನಿಷ್ಠೆಯಿಂದ ಹಿಂದಿರುಗಿಸಿತು. ತಂದವನು ನನ್ನ ಹೆಂಡತಿಯ ತಮ್ಮ.

"ಭಾವ! ಅಷ್ಟು ದೂರದಿಂದಲೇ ಗೊತ್ತಾಯ್ತು!" ಎಂದು ಅವನು ಕಾರನ್ನು ನಿಲ್ಲಿಸಿದನು. ಪಕ್ಕದ ಸೀಟಿನಲ್ಲಿ ಅವನ ಅಕ್ಕ ಕುಳಿತಿದ್ದಳು. ಅವಳು ಬೋಂಡವನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, "ನೋಡಿದಿರಾ, ಮಾಡಿಸಿದ್ದು ಎಷ್ಟು ಒಳ್ಳೇದಾಯ್ತು" ಎಂದಳು.

ಈಚೆಗೆ ನಾನು ತಳ್ಳುಗಾಡಿಯ ಬಳಿ ಸೈಕಲ್ಲನ್ನು ರಸ್ತೆಯ ಉದ್ದಕ್ಕೆ, ಬರುವ ಕಾರುಗಳಿಗೆ ಬೆನ್ನುಮಾಡಿ ನಿಲ್ಲಿಸುತ್ತೇನೆ. ಹಿಂದಿನ ಕೆಂಪು ಬಿಲ್ಲೆ ಊರಿನ ಸೈಕಲ್ಲುಗಳಿಗೆಲ್ಲ ಒಂದೇ. ಅದರಿಂದ ಯಾರ ಗುರುತೂ ಹತ್ತದು.