ಬೀಕನ್ ಹಿಲ್ಲಿನ ಮಡಿಶಾಸ್ತ್ರ

ಮಡಿಯೆಂದರೆ ಅಗ್ರಹಾರದ ಬಾವಿಕಟ್ಟೆಗೇ ಮುಗಿಯಿತೆಂದು ನಂಬಿದ ವಿದ್ವಾಂಸರು ಅಮೆರಿಕದ ಬಾಸ್ಟನ್ ನಗರದ ಬೀಕನ್ ಹಿಲ್ ಬಡಾವಣೆಯನ್ನು ಗಮನಿಸಿದಂತಿಲ್ಲ. ಅಲ್ಲಿ ಇಟ್ಟಿಗೆಗೆ ಮಡಿಯಿದೆ, ಕಿಟಕಿಗೆ ಮಡಿಯಿದೆ, ಬಾಗಿಲಿನ ಬಣ್ಣಕ್ಕಂತೂ ಉಗ್ರ ಮಡಿ. ಅಲ್ಲಿನ ಹಳೇ ಸಿರಿವಂತ ಮನೆತನಗಳಿಗೆ 19ನೇ ಶತಮಾನದಿಂದಲೂ ‘ಬಾಸ್ಟನ್ ಬ್ರಾಹ್ಮಣರು’ ಎಂದೇ ಹೆಸರು. ಇದು ಕಾಕತಾಳೀಯವೆನ್ನಲು ಪ್ರಬಂಧಕಾರರ ಮನಸ್ಸು ಒಪ್ಪುತ್ತಿಲ್ಲ.

ಮೊದಲು ಕಾಲನಿರ್ಣಯ. ಸಂಪ್ರದಾಯದ ಮೂಲಪೀಠ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್. ಹಳೆಯ ಬೀದಿಗಳ ಕಟ್ಟಡಗಳನ್ನು ಪರಿಶೀಲಿಸುವ ಮಂಡಳಿ ಅಲ್ಲಿ 1931ರಲ್ಲೇ ಹುಟ್ಟಿತು. ಬೀಕನ್ ಹಿಲ್ಲಿಗೆ ಶಾಸ್ತ್ರೋಕ್ತ ಆಯೋಗ ಬಂದದ್ದು 1955ರಲ್ಲಿ, ಮ್ಯಾಸಚೂಸೆಟ್ಸ್ ಶಾಸನಸಭೆಯ ಕಾಯಿದೆಯಿಂದ. ಆದರೆ ಆಚಾರ ಶಾಸ್ತ್ರಕ್ಕಿಂತ ಹಳೆಯದು. 1947ರಲ್ಲಿ ನಗರಾಡಳಿತ ಕಾಲುದಾರಿಯ ಇಟ್ಟಿಗೆ ಕಿತ್ತು ಸಿಮೆಂಟು ಬಳಿಯಲು ಬಂದಾಗ, ಮನೆಯೊಡತಿಯರು ಆ ಇಟ್ಟಿಗೆಯ ಮೇಲೇ ಕುಳಿತುಬಿಟ್ಟರು. ಇಟ್ಟಿಗೆ ಉಳಿಯಿತು.

ಶಾಸ್ತ್ರದ ಮೂಲಸೂತ್ರ ಒಂದೇ: ಬೀದಿಗೆ ಕಂಡದ್ದೇ ಸತ್ಯ. ಸಾರ್ವಜನಿಕ ದಾರಿಯಲ್ಲಿ ನಿಂತವನ ಕಣ್ಣಿಗೆ ಬೀಳುವ ಹೊರಮೈಯಲ್ಲಿ ಏನನ್ನು ಬದಲಿಸಬೇಕಾದರೂ, ಬಣ್ಣವನ್ನು ಸಹ, ಆಯೋಗದ ಒಪ್ಪಿಗೆ ಬೇಕು. ಒಳಗೆ ನೀವು ಗೋಡೆಗೆ ಗಿಳಿಹಸಿರು ಬಳಿದು ಪ್ಲಾಸ್ಟಿಕ್ ಬಾಳೆಗಿಡ ನೆಟ್ಟುಕೊಂಡರೂ ಕೇಳುವವರಿಲ್ಲ, ಅದೆಲ್ಲ ಮಾಯೆ.

ಇಲ್ಲಿ ಪೂರ್ವಪಕ್ಷಿಯಾದ ಮನೆಯೊಡೆಯನ ಆಕ್ಷೇಪ ಹೀಗಿರುತ್ತದೆ: “ಮನೆ ನನ್ನದು, ದುಡ್ಡು ನನ್ನದು, ಗಾಳಿ ನುಗ್ಗುವುದೂ ನನ್ನ ಕೋಣೆಗೇ. ಅಗ್ಗದ ವೈನಿಲ್ ಕಿಟಕಿ ಹಾಕಿಸಿದರೆ ಯಾರ ಗಂಟು ಹೋಯಿತು?” ಸಿದ್ಧಾಂತಿಯ ಸಮಾಧಾನ: “ಚಳಿ ನಿಮ್ಮದು, ಕಿಟಕಿ ಊರಿನದು.” ಪೂರ್ವಪಕ್ಷಿ ಮರದ ಚೌಕಟ್ಟಿಗೆ ಬಡಗಿಯನ್ನು ಹುಡುಕಿಕೊಂಡು ಹೋಗುವಲ್ಲಿಗೆ ಅಧಿಕರಣ ಮುಗಿಯುತ್ತದೆ.

ಇನ್ನು ಭೇದಾಭೇದ ವಿಚಾರ. ಅಮೆರಿಕದ ಒಳಾಡಳಿತ ಇಲಾಖೆ ಪಾರಂಪರಿಕ ಕಟ್ಟಡಗಳ ನವೀಕರಣಕ್ಕೆ ಹತ್ತು ಸೂತ್ರಗಳನ್ನು ಕೊಟ್ಟಿದೆ. ದೇಶದುದ್ದಕ್ಕೂ ಅನೇಕ ಆಯೋಗಗಳು ಅವನ್ನೇ ನೆಚ್ಚಿವೆ. ಒಂಬತ್ತನೆಯದರ ಪ್ರಕಾರ, ಹೊಸದಾಗಿ ಸೇರಿಸುವ ಭಾಗ ಹಳೆಯದಕ್ಕೆ ಹೊಂದಿಕೊಳ್ಳಬೇಕು, ಆದರೆ ಹಳೆಯದಕ್ಕಿಂತ ಬೇರೆಯೆಂದು ಗೊತ್ತಾಗಲೂಬೇಕು. ಶಂಕರ, ರಾಮಾನುಜ, ಮಧ್ವರ ಅನುಯಾಯಿಗಳು ಶತಮಾನಗಟ್ಟಲೆ ವಾದಿಸಿದ್ದನ್ನು ಒಬ್ಬ ಮೇಸ್ತ್ರಿ ಹಿತ್ತಿಲ ಕೋಣೆಯೊಂದರಲ್ಲಿ ಸಾಧಿಸಿ ತೋರಿಸಬೇಕೆಂಬುದು ಇಲಾಖೆಯ ನಿರೀಕ್ಷೆ.

ಈ ಶಾಸ್ತ್ರದಲ್ಲಿ ದೋಷವೇ ಹಳತಾದರೆ ಗುಣವಾಗುತ್ತದೆ ಎಂಬುದಕ್ಕೆ ನೇರಳೆ ಗಾಜು ಸಾಕ್ಷಿ. 19ನೇ ಶತಮಾನದ ಆರಂಭದಲ್ಲಿ ಇಲ್ಲಿನ ಕೆಲವು ಮನೆಗಳ ಕಿಟಕಿಗೆ ಕೂರಿಸಿದ ಗಾಜಿನಲ್ಲಿ ಮ್ಯಾಂಗನೀಸ್ ಇತ್ತು; ಬಿಸಿಲು ಬಿದ್ದೂ ಬಿದ್ದೂ ಗಾಜು ನೇರಳೆಗೆ ತಿರುಗಿತು. ಹೊಸದರಲ್ಲಿ ಕೊಂಡವರು ಅಂಗಡಿಯವನನ್ನು ಬೈದುಕೊಂಡಿರಲೂ ಸಾಕು. ಈಗ ಅದು ಬೆಟ್ಟದ ಪ್ರತಿಷ್ಠೆ, ಪ್ರವಾಸಿಗರು ಕತ್ತೆತ್ತಿ ನೋಡುವ ಗಾಜು. ಇವತ್ತು ಯಾರಾದರೂ ಹೊಚ್ಚಹೊಸ ನೇರಳೆ ಗಾಜಿಗೆ ಅರ್ಜಿ ಹಾಕಿದರೆ ಆಯೋಗ ಏನೆನ್ನಬಹುದೆಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಮಡಿಗೆ ಎಲ್ಲೆಯೂ ಇತ್ತು. 1955ರ ರಕ್ಷಣೆ ಸಿಕ್ಕಿದ್ದು ಸಿರಿವಂತರ ದಕ್ಷಿಣ ಇಳಿಜಾರಿಗೆ. ಕಪ್ಪು ಜನರ ಹಳೆಯ ನೆಲೆಯಾಗಿದ್ದ, 1806ರ ಆಫ್ರಿಕನ್ ಮೀಟಿಂಗ್ ಹೌಸ್ ಇರುವ ಉತ್ತರ ಇಳಿಜಾರು ಇದರೊಳಗೆ ಬಂದದ್ದು 1963ರಲ್ಲಿ. ಒಂದೂವರೆ ಶತಮಾನ ದಾಟಿದ್ದ ಆ ಕಟ್ಟಡ ಶಾಸ್ತ್ರಿಗಳ ಕಣ್ಣಿಗೆ ಅದಕ್ಕೂ ಮುಂಚೆ ಬೀಳದಿದ್ದದ್ದು ಹೇಗೆಂಬ ಪ್ರಶ್ನೆಗೆ ಮೂಲಸೂತ್ರದಲ್ಲಿ ಉತ್ತರವಿಲ್ಲ. ಅದೂ ಬೀದಿಗೇ ಕಾಣುತ್ತಿತ್ತು.

ಇಷ್ಟೆಲ್ಲ ನಕ್ಕಮೇಲೆ ಪ್ರಬಂಧಕಾರರು ಒಂದು ಮಾತು ಒಪ್ಪಲೇಬೇಕು: ಈ ಕಿರಿಕಿರಿ ಇಲ್ಲದ ಕಡೆ ಏನಾಯಿತೆಂದು ನೋಡಲು ಕೇಂಬ್ರಿಜ್ ಸ್ಟ್ರೀಟ್ ದಾಟಿದರೆ ಸಾಕು. ಅದರ ಆಚೆಗಿನ ವೆಸ್ಟ್ ಎಂಡ್‌ನಲ್ಲಿ ಇಟಾಲಿಯನ್, ಯಹೂದಿ ಮುಂತಾದ ವಲಸಿಗರ ಕುಟುಂಬಗಳು ಕಿಕ್ಕಿರಿದಿದ್ದವು. ನಗರಾಡಳಿತ ಅದನ್ನು ಕೊಳೆಗೇರಿಯೆಂದು ಕರೆದು, 1958ರಿಂದ ಬುಲ್ಡೋಜರ್ ಹಚ್ಚಿತು. ಸಾವಿರಾರು ಜನ ಮನೆ ಬಿಟ್ಟು ಚದುರಿದರು. ಆ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳೆದ್ದವು. 1796ರ ಹ್ಯಾರಿಸನ್ ಗ್ರೇ ಓಟಿಸ್ ಮನೆ, ಅದರ ಪಕ್ಕದ ಓಲ್ಡ್ ವೆಸ್ಟ್ ಚರ್ಚ್‌ನಂಥ ಕೆಲವೇ ಕೆಲವು ಕಟ್ಟಡಗಳನ್ನು ಬಿಟ್ಟರೆ ಹಳೆಯ ವೆಸ್ಟ್ ಎಂಡ್ ಈಗ ಅಲ್ಲಿಲ್ಲ.