ಒಕ್ಕೂಟತ್ಯಾಗ ಮೀಮಾಂಸೆ: ಮಾಜಾಳಿ ಗಡಿಯ ಬಂಗಡೆಯನ್ನು ಆಧರಿಸಿದ ಶಾಸ್ತ್ರೀಯ ವಿಚಾರ

ವಾಣಿಜ್ಯ ಒಕ್ಕೂಟವೊಂದನ್ನು ಬಿಟ್ಟು ಹೊರಟರೆ ವ್ಯಾಪಾರಕ್ಕೆ, ದುಡಿಮೆಗೆ, ಸರಕು ಸಾಗಣೆಗೆ ಏನಾಗುತ್ತದೆ? ಈ ಪ್ರಶ್ನೆಗೆ ಜಗತ್ತಿನ ಪಂಡಿತರೆಲ್ಲ ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ ಉತ್ತರ ಹುಡುಕುತ್ತಿದ್ದಾರೆ. ಅವರು ತಪ್ಪಿದ್ದು ಜಾಗದಲ್ಲಿ. ಬ್ರಿಟನ್ 2020ರ ಜನವರಿ 31ರಂದು ಯುರೋಪಿಯನ್ ಒಕ್ಕೂಟದಿಂದ ಹೊರಬಿತ್ತು, ಅದೇ ವರ್ಷದ ಕೊನೆಗೆ ಸುಂಕದ ಒಕ್ಕೂಟದಿಂದಲೂ ಕಳಚಿಕೊಂಡಿತು. ಮರುತಿಂಗಳೇ ಆರೋಗ್ಯ ಪ್ರಮಾಣಪತ್ರದ ಕಾಗದ ಮುಗಿಯದೆ ಮಾಲು ಕೆಡತೊಡಗಿ, ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ತಮ್ಮ ಲಾರಿಗಳನ್ನು ಲಂಡನ್ನಿನಲ್ಲಿ ಪ್ರಧಾನಿ ಮನೆಯ ಬಳಿಗೇ ತಂದು ನಿಲ್ಲಿಸಿದರು. ಹೊಸ ವಿದ್ಯಮಾನವೆಂದು ಪಂಡಿತರು ಬೆರಗಾದರು. ಕಾರವಾರದಿಂದ ಕಾಳಿ ಸೇತುವೆ ದಾಟಿ, ಸದಾಶಿವಗಡ ಹಾದು, ಗಡಿಯ ಮಾಜಾಳಿಯ ಆಚೆ ಗೋವೆಯ ಪೋಳೆಂನಲ್ಲಿ ಇದೇ ಪ್ರಯೋಗ 2018ರಲ್ಲೇ ಮುಗಿದಿತ್ತೆಂಬುದು ಅವರ ಯಾವ ಗ್ರಂಥಸೂಚಿಯಲ್ಲೂ ಇಲ್ಲ. ಆ ಅನ್ಯಾಯವನ್ನು ಸರಿಪಡಿಸಲು ಈ ಬಡ ಸಂಶೋಧಕ ಲೇಖನಿ ಎತ್ತಿದ್ದಾನೆ.

ಪೂರ್ವಪಕ್ಷಿ ಕೂಡಲೇ ಕೈ ಎತ್ತುತ್ತಾನೆ: ‘ಸ್ವಾಮಿ, ಕಾರವಾರವೂ ಗೋವೆಯೂ ಒಂದೇ ದೇಶ. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತ ಎನ್ನುತ್ತದೆ. 2017ರ ಜುಲೈ 1ರಿಂದ ಜಿಎಸ್‌ಟಿಯೂ ಬಂದಿದೆ. ಬಿಡುವುದಕ್ಕೆ ಒಕ್ಕೂಟವಾದರೂ ಎಲ್ಲಿದೆ?’

ಈ ಪೂರ್ವಪಕ್ಷಿ ಒಮ್ಮೆಯೂ ಪೋಳೆಂನಿಂದ ಸಂಜೆ ಹೊತ್ತು ಮರಳಿದವನಲ್ಲ. ಜಿಎಸ್‌ಟಿ ಬರುವಾಗ ಎರಡು ಬಗೆಯ ದ್ರವಗಳನ್ನು ಹೊರಗಿಟ್ಟು ಬಂದಿತು: ಒಂದು ಮದ್ಯ, ಇನ್ನೊಂದು ಪೆಟ್ರೋಲು ಮೊದಲಾದ ಇಂಧನ. 2012ರಲ್ಲಿ ಗೋವಾ ಸರ್ಕಾರ ಪೆಟ್ರೋಲಿನ ಮೇಲಿನ ವ್ಯಾಟ್ ಅನ್ನು ಹೆಚ್ಚುಕಡಿಮೆ ಸೊನ್ನೆಗಿಳಿಸಿದಾಗ ಗಡಿಯಾಚೆಯ ಪಂಪಿನ ಕಡೆಗೆ ಕಾರವಾರದ ಬೈಕುಗಳಿಗೆ ಭಕ್ತಿ ಹುಟ್ಟಿತು. ಮದ್ಯದ ಮಾತು ಬೇರೆ. ಟ್ಯಾಂಕಿನಲ್ಲಿ ಬಂದದ್ದು ಉಳಿತಾಯ, ಡಿಕ್ಕಿಯಲ್ಲಿ ಬಂದದ್ದು ಕೇಸು. ಇದು ಮಾಜಾಳಿ ಚೆಕ್‌ಪೋಸ್ಟಿನ ಮೊದಲನೆಯ ಸೂತ್ರ.

ಇನ್ನು ಇತಿಹಾಸಕಾಂಡ. ಈ ಜಿಲ್ಲೆಗೆ ಒಕ್ಕೂಟ ಬಿಡುವುದು ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಹಡಗು ಹತ್ತಿಸಬೇಕೆಂಬ ಆಸೆ ಮುಂಬಯಿ ವ್ಯಾಪಾರಿಗಳಿಗಿತ್ತು. ಬಂದರು ಬೆಳೆದರೆ ಹಿಂದೆಯೇ ರೈಲು ಬರಬೇಕಲ್ಲ! ರೈಲು ಬಂತು, 1880ರ ದಶಕದಲ್ಲಿ. ಆದರೆ ಗೋವೆಯ ಮುರ್ಗಾಂವಿಗೆ. ಘಟ್ಟದ ಹತ್ತಿ ಕಾರವಾರದ ಕಡೆ ಬೆನ್ನು ಮಾಡಿ ಕ್ಯಾಸಲ್‌ರಾಕ್ ಮೂಲಕ ಇಳಿಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲುಮಾರ್ಗ ಮಂಜೂರಾದದ್ದು 1990ರ ದಶಕದ ಕೊನೆಗೆ. ಕಾಡಿನ ಅನುಮತಿಯ ತಕರಾರಿನಲ್ಲಿ ಅದು ಇನ್ನೂ ಕಾಗದದ ಮೇಲೆಯೇ ಓಡುತ್ತಿದೆ. ಒಕ್ಕೂಟ ಬದಲಿಸಿದ ಲಾಭ ಕೈಗೆ ಬರಲು ಎಷ್ಟು ಕಾಲ ಬೇಕೆಂದು ಅರ್ಥಶಾಸ್ತ್ರಜ್ಞರು ಕೇಳುತ್ತಾರೆ. 1862ರಿಂದ ಲೆಕ್ಕ ಹಿಡಿದಿದ್ದೇವೆ, ಇನ್ನೂ ಮುಗಿದಿಲ್ಲ.

ಮುರ್ಗಾಂವಿಗೆ ರೈಲು ಬಂದದ್ದರ ಹಿಂದೆ ಒಂದು ಸುಂಕದ ಒಕ್ಕೂಟವೇ ಇತ್ತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಲಿಸ್ಬನ್ನಿನಲ್ಲಿ ಒಪ್ಪಂದ ಮಾಡಿಕೊಂಡು, ಬ್ರಿಟಿಷ್ ಇಂಡಿಯಾಕ್ಕೂ ಗೋವೆಗೂ ನಡುವಿನ ಸುಂಕದ ಬೇಲಿ ಕಿತ್ತರು. ಬದಲಿಗೆ ಗೋವೆಯ ಉಪ್ಪಿನ ಹಿಡಿತ ಬ್ರಿಟಿಷರಿಗೆ. ಪೋರ್ಚುಗೀಸರಿಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ. ದುಡ್ಡು ಸರ್ಕಾರದ ಖಜಾನೆಗೆ ಹೋಯಿತು, ಉಪ್ಪಿನಾಗರದವನ ಕೆಲಸ ಹೋಯಿತು. ಜಾರಿಯಾದ ಮೇಲಿನ ಹನ್ನೆರಡು ವರ್ಷದ ಅವಧಿ ಮುಗಿದು 1892ರ ಜನವರಿಯಲ್ಲಿ ಒಪ್ಪಂದ ಬಿದ್ದುಹೋಯಿತು, ಬೇಲಿ ಮತ್ತೆ ಎದ್ದಿತು. ಅಂದರೆ ಲಂಡನ್ನಿನವರು ಸುಂಕದ ಒಕ್ಕೂಟ ಬಿಡುವ ತಾಲೀಮು ನಡೆಸಿದ್ದು ನಮ್ಮ ಗಡಿಯಲ್ಲಿ, 2020ಕ್ಕೆ 128 ವರ್ಷ ಮೊದಲು. ಇದಕ್ಕೆ ಬ್ರಿಟಿಷ್ ಸಂಸತ್ತು ಕಾರವಾರಕ್ಕೆ ಕೃತಜ್ಞತೆ ಹೇಳಿದ ದಾಖಲೆ ಸಿಗುವುದಿಲ್ಲ. ಉಪ್ಪಿನ ಮೇಲಿನ ಹಿಡಿತವನ್ನಂತೂ ಅವರು ಈಚೆ ಬದಿಯಲ್ಲಿ ಸಡಿಲಿಸಲಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯ ಜನ ಕಡಲಿಗಿಳಿದು ಉಪ್ಪು ಮಾಡಿ, ಉಪ್ಪಿನ ಸುಂಕದ ಆ ಒಕ್ಕೂಟವನ್ನು ತಾವೇ ಬಿಟ್ಟರು. ಇಡೀ ಇತಿಹಾಸಕಾಂಡದಲ್ಲಿ ಗಡಿಯ ಜನರನ್ನು ಕೇಳಿ ನಡೆದ ಒಕ್ಕೂಟತ್ಯಾಗ ಅದೊಂದೇ.

1955ರದ್ದು ಉಲ್ಟಾ ಪ್ರಕರಣ. ಪೋರ್ಚುಗೀಸರು ಗೋವೆ ಬಿಡುವುದಿಲ್ಲವೆಂದಾಗ ದೆಹಲಿ ಆರ್ಥಿಕ ದಿಗ್ಬಂಧನ ಹಾಕಿತು. ರೈಲು ನಿಂತಿತು, ಗಡಿ ಮುಚ್ಚಿತು. ಆಗ ಗೋವೆಯ ಅಡುಗೆಮನೆಗೆ ಸರಬರಾಜಾದದ್ದನ್ನು ನೋಡಿ: ನೆದರ್ಲೆಂಡ್ಸಿನ ಆಲೂಗಡ್ಡೆ, ಪಾಕಿಸ್ತಾನದ ಅಕ್ಕಿ ಮತ್ತು ತರಕಾರಿ, ಸಿಲೋನಿನ ಚಹಾ. ಮನೆ ಕಟ್ಟಬೇಕೆಂದರೆ ಜಪಾನಿನ ಸಿಮೆಂಟು. ಘಟ್ಟದ ಮೇಲೆ ಬೆಳಗಾವಿಯ ಆಲೂಗಡ್ಡೆ ಗೋಣಿಯಲ್ಲಿ ಕೂತಿರುವಾಗ ಯುರೋಪಿನ ಆಲೂಗಡ್ಡೆ ಸಮುದ್ರಯಾನ ಮಾಡಿ ಬರುತ್ತಿತ್ತು. ಸರಬರಾಜಿನ ಸರಪಳಿ ಕಡಿಯುವುದಿಲ್ಲ, ಉದ್ದವಾಗುತ್ತದೆ ಎಂಬ ಎರಡನೆಯ ಸೂತ್ರ ಇಲ್ಲಿಯದು. ಅದರ ಉಪಸೂತ್ರ: ಎದುರು ದಿಕ್ಕಿನಲ್ಲಿ ಚಿನ್ನ ಮತ್ತು ವಿದೇಶಿ ವಾಚು ಯಾವ ಪಾಸೂ ಇಲ್ಲದೆ ಬರುತ್ತಿದ್ದವು. (ಬಿಣಗಾದ ಎದುರಿಗಿರುವ ಅಂಜುದೀವ್ ದ್ವೀಪವೂ ಆಗ ಪೋರ್ಚುಗೀಸರ ಕೈಯಲ್ಲೇ ಇತ್ತು. 1961ರ ಡಿಸೆಂಬರಿನಲ್ಲಿ ಅಲ್ಲಿ ಇಳಿದ ನಮ್ಮ ನೌಕಾಪಡೆಯವರು ಪ್ರಾಣ ಕೊಟ್ಟರು. ಅದರ ಮೇಲೆ ಅಣಕು ಸಲ್ಲದು.)

ಈಗ ಮುಖ್ಯ ಪ್ರಯೋಗಕ್ಕೆ. 2018ರ ಜುಲೈಯಲ್ಲಿ ಮಡಗಾಂವಿನ ಸಗಟು ಮಾರುಕಟ್ಟೆಯ ಮೀನಿನಲ್ಲಿ ಫಾರ್ಮಾಲಿನ್ ಇದೆಯೆಂಬ ಗುಲ್ಲೆದ್ದು, ಗೋವಾ ಸರ್ಕಾರ ತಿಂಗಳ ಕೊನೆಯವರೆಗೆ ಹೊರಗಿನ ಮೀನನ್ನು ನಿಷೇಧಿಸಿತು. ಅದು ಮಳೆಗಾಲ, ಕರ್ನಾಟಕದ ಯಾಂತ್ರಿಕ ದೋಣಿಗಳು ಜೂನ್, ಜುಲೈ ಎರಡೂ ತಿಂಗಳು ದಡದಲ್ಲೇ ಇರುತ್ತವೆ. ಕಾರವಾರದವರಿಗೆ ಕಳಿಸಲು ಮೀನೇ ಇಲ್ಲದಾಗ ಬಂದ ನಿಷೇಧವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪೆಟ್ಟು ಬಿದ್ದದ್ದು ನವೆಂಬರಿನಲ್ಲಿ, ಬಲೆ ತುಂಬುವ ಹೊತ್ತಿಗೆ. ಔಷಧ ಮತ್ತು ಆಹಾರ ಇಲಾಖೆಯ ನೋಂದಣಿ ಬೇಕು, ಶೀತ ಕಾಯುವ ಇನ್ಸುಲೇಟೆಡ್ ವಾಹನ ಬೇಕು, ಇಲ್ಲದಿದ್ದರೆ ತಿರುಗಿ ಎಂದರು. ಟೆಂಪೋದಲ್ಲಿ ಕ್ರೇಟು ಪೇರಿಸಿ, ಮೇಲೆ ಮಂಜುಗಡ್ಡೆ ಸುರಿದು, ತಾಡಪಾಲು ಬಿಗಿದು ಹೋಗುತ್ತಿದ್ದವನ ಬಳಿ ಇವೆರಡೂ ಇರಲಿಲ್ಲ. ಜನರ ಆರೋಗ್ಯ ಕಾಯುವ ನಿಯಮ ತಪ್ಪೆಂದು ಈ ಲೇಖಕ ಹೇಳುವುದಿಲ್ಲ. ಆದರೆ ವಿಷ ಹಾಕಿದವನಿಗೂ ಹಾಕದವನಿಗೂ ಒಂದೇ ಕ್ಯೂ.

ಇಂಥ ಹೊತ್ತಿನಲ್ಲಿ ವಿದೇಶಿ ಪಂಡಿತರು ಜಿಡಿಪಿ ನೋಡುತ್ತಾರೆ. ಪ್ರಸ್ತುತ ಲೇಖಕ ಕಿವಿರು ನೋಡುವವನು. ಮೀನು ಕೊಳ್ಳುವ ಯಾವ ಹೆಂಗಸೂ ಬಂಗಡೆಯ ಕಿವಿರು ಎತ್ತದೆ ದರ ಕೇಳುವುದಿಲ್ಲ. ಅದನ್ನೇ ಶಾಸ್ತ್ರಕ್ಕೆ ಏರಿಸಿ ‘ಕಿವಿರು ಸೂಚ್ಯಂಕ’ವನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸಲಾಗಿದೆ. ಕಿವಿರು ಕಡುಗೆಂಪಾಗಿದ್ದರೆ ಮುಕ್ತ ವ್ಯಾಪಾರ. ನಸುಗೆಂಪಾದರೆ ಕಾಗದಪತ್ರ ಪರಿಶೀಲನೆಯಲ್ಲಿದೆ. ಕಂದುಬಣ್ಣಕ್ಕೆ ತಿರುಗಿ, ಕಣ್ಣು ಮಂಕಾಗಿ, ಲಾರಿಯ ಹಿಂಬದಿಯಿಂದ ತೊಟ್ಟಿಕ್ಕುವ ನೀರು ರಸ್ತೆಗೆ ಹರಿಯತೊಡಗಿದರೆ ಎರಡೂ ರಾಜ್ಯಗಳ ಸಚಿವರು ಮಾತುಕತೆಗೆ ಸಿದ್ಧರಿದ್ದಾರೆ. ಮಾಲು ಫಿಶ್‌ಮೀಲ್ ಕಾರ್ಖಾನೆಗೆ ಇಳಿದ ಮೇಲೆ ಸೌಹಾರ್ದಯುತ ಪರಿಹಾರ ಸಿಕ್ಕಿದೆ ಎಂದು ಅರ್ಥ. ಸೂಚ್ಯಂಕಕ್ಕೆ ಪೇಟೆಂಟ್ ಕೇಳಿಲ್ಲ. ಸ್ಕಾಟ್ಲೆಂಡಿನವರು ಬೇಕಾದರೆ ಬಳಸಿಕೊಳ್ಳಲಿ.

ದುಡಿಮೆಯ ಅಧ್ಯಾಯ ಚಿಕ್ಕದು, ಏಕೆಂದರೆ ದುಡಿಯುವವರಿಗೆ ವಿಶ್ಲೇಷಣೆಗೆ ಸಮಯವಿಲ್ಲ. ಕಾರವಾರ ತಾಲೂಕಿನ ಹುಡುಗರು ಕಾಣಕೋಣ, ಮಡಗಾಂವ್ ಕಡೆ ಕೆಲಸಕ್ಕೆ ಹೋಗುತ್ತಾರೆ; ಗೋವೆಯ ಊಟದ ತಟ್ಟೆಗೆ ಈ ಕಡೆಯ ಮೀನು ಹೋಗುತ್ತದೆ. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದಾಗ ಮನೆ ಒಂದು ರಾಜ್ಯದಲ್ಲಿ, ಸಂಬಳ ಇನ್ನೊಂದರಲ್ಲಿ ಉಳಿಯಿತು.

ಒಂದು ಆಕ್ಷೇಪ ಉಳಿದಿದೆ: ಗಡಿ ಬಿಗಿಯಾದರೆ ಎಲ್ಲ ಸರಕೂ ನಿಲ್ಲಬೇಕಲ್ಲವೇ? ಅದಕ್ಕೆ ಅಂಕೋಲಾ ತಾಲೂಕಿನ ಬೇಲೇಕೇರಿಯೇ ಉತ್ತರ. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಬಂದರಿನಿಂದಲೇ ಹಡಗು ಹತ್ತಿ ಹೋಯಿತು. ಜಪ್ತಿಯಾದ ಗುಡ್ಡ ಸಮುದ್ರ ದಾಟಿತು, ಜಪ್ತಿಯಾಗದ ಬಂಗಡೆ ಪೋಳೆಂ ದಾಟಲಿಲ್ಲ. ಹೀಗಾಗಿ ಸಿದ್ಧಾಂತ ಇಷ್ಟು: ತಡೆ ಬೀಳುವುದು ತೂಕ ಕಡಿಮೆಯಿರುವವನ ಮೇಲೆ, ತಡೆ ಹಾಕುವವನು ಗಡಿಯಲ್ಲಿ ವಾಸಿಸುವುದಿಲ್ಲ. ಲಿಸ್ಬನ್, ಲಂಡನ್, ದೆಹಲಿ, ಪಣಜಿ, ಬೆಂಗಳೂರು, ಯಾವುದಕ್ಕೂ ಮಾಜಾಳಿಯ ಪಿನ್‌ಕೋಡ್ ಇಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಒಂದು ವಿನಂತಿ. ಇನ್ನು ಮುಂದೆ ಯಾವ ಒಕ್ಕೂಟ ಬಿಡುವುದಿದ್ದರೂ ಸಭೆಯನ್ನು ಮೇ ತಿಂಗಳ ಮಧ್ಯಾಹ್ನ ಮಾಜಾಳಿಯ ರಸ್ತೆ ಬದಿಯಲ್ಲಿ ಕರೆಯಿರಿ. ಮೇಜಿನ ಮೇಲೆ ಒಂದು ಬುಟ್ಟಿ ಬಂಗಡೆ ಇಡಲಾಗುವುದು, ಮಂಜುಗಡ್ಡೆ ಇಲ್ಲದೆ. ಒಪ್ಪಂದ ಆಗುವವರೆಗೆ ಯಾರೂ ಏಳುವಂತಿಲ್ಲ. ಕರವಸ್ತ್ರ ತಾವೇ ತರತಕ್ಕದ್ದು.